ಬ್ರೇಕ್ ಪ್ಯಾಡ್‌ಗೆ ಗ್ರೀಸ್ ಹಚ್ಚಬೇಕಾ, ಬೇಡ್ವಾ?

ಹೊಸ ಬ್ರೇಕ್ ಪ್ಯಾಡ್ ಹಾಕಿಸುವಾಗ ಗ್ರೀಸ್ ಹಚ್ಚಬೇಕಾ ಅಂತ ಹತ್ತು ಜನರನ್ನ ಕೇಳಿ ನೋಡಿ, ಹನ್ನೊಂದು ಉತ್ತರ ಸಿಗುತ್ತೆ. "ಬ್ರೇಕಿಗೆ ಗ್ರೀಸಾ? ತಲೆ ಕೆಟ್ಟಿದೆಯಾ?" ಅನ್ನೋರು ಒಂದು ಕಡೆ. "ಒಸಿ ಬಳಿದ್ಬುಡ್ಲಾ, ಸದ್ದೇ ಬರಾಕಿಲ್ಲ" ಅನ್ನೋ ನಮ್ಮ ದೇವಲಾಪುರದ ಚಿಕ್ಕಪ್ಪನಂಥವರು ಇನ್ನೊಂದು ಕಡೆ. ತಮಾಷೆ ಅಂದ್ರೆ ಇಬ್ಬರದೂ ಅರ್ಧ ಸರಿ. ಅಪಾಯ ಇರೋದು ಉಳಿದ ಅರ್ಧದಲ್ಲಿ.

ನಾಗಮಂಗಲ ಸೀಮೆಯವರಿಗೆ ಇದು ಬರೀ ವಾದದ ವಿಷಯ ಅಲ್ಲ. ಶುಕ್ರವಾರ ರಾತ್ರಿ ಬೆಂಗಳೂರಿಂದ ಹೊರಟು ಬೆಳ್ಳೂರು ಕ್ರಾಸ್ ಮೇಲೆ ಊರು ಸೇರ್ತೀವಿ. ಬೆಳಿಗ್ಗೆ ಎದ್ದರೆ ಅಪ್ಪ, ಅಮ್ಮ, ಅಕ್ಕನ ಮಕ್ಕಳು ಎಲ್ಲರನ್ನೂ ಕೂರಿಸಿಕೊಂಡು ಮೇಲುಕೋಟೆ ಬೆಟ್ಟ. ರಜೆ ಒಂದು ದಿನ ಜಾಸ್ತಿ ಸಿಕ್ಕಿದ್ರೆ ಸಕಲೇಶಪುರ ದಾಟಿ, ಶಿರಾಡಿ ಘಾಟ್ ಇಳಿದು ಧರ್ಮಸ್ಥಳ. ತುಂಬಿದ ಕಾರು, ಉದ್ದದ ಇಳಿಜಾರು. ಅಲ್ಲಿ ನಮ್ಮನ್ನ ಕಾಯೋದು ಆ ನಾಲ್ಕು ಪ್ಯಾಡ್‌ಗಳೇ.

ಎರಡು ಬಗೆಯ ಜಾಗ

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಪಿಸ್ಟನ್ನನ್ನ ತಳ್ಳುತ್ತೆ. ಪಿಸ್ಟನ್ ಒಳಗಡೆಯ ಪ್ಯಾಡನ್ನ ಡಿಸ್ಕಿಗೆ ಒತ್ತುತ್ತೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ, ಹೊರಗಡೆಯ ಪ್ಯಾಡನ್ನೂ ಎಳೆದು ಡಿಸ್ಕಿಗೆ ಅಮುಕುತ್ತೆ. ನಾವು ಓಡಿಸೋ ಹೆಚ್ಚಿನ ಕಾರುಗಳ ಮುಂದಿನ ಚಕ್ರದಲ್ಲಿ ಇರೋದು ಇದೇ ವ್ಯವಸ್ಥೆ.

ಅಂದ್ರೆ ಇಲ್ಲಿ ಉಜ್ಜಬೇಕಾದ ಜಾಗ ಬೇರೆ, ಜಾರಬೇಕಾದ ಜಾಗ ಬೇರೆ. ಉಜ್ಜೋ ಕಡೆ ಗ್ರೀಸ್ ಬಿದ್ರೆ ಕಾರು ನಿಲ್ಲಲ್ಲ. ಜಾರೋ ಕಡೆ ಗ್ರೀಸ್ ಒಣಗಿದ್ರೆ ಹಿಡಿದ ಬ್ರೇಕ್ ಬಿಡಲ್ಲ. ಬೇಸಿಗೆಯಲ್ಲಿ ನಮ್ಮೂರ ಮಣ್ಣು ರಸ್ತೆಯ ಧೂಳು, ಮಳೆಗಾಲದಲ್ಲಿ ಕೆಸರು. ಪಿನ್ ಮೇಲಿನ ರಬ್ಬರ್ ಬೂಟ್ ಹರಿದಿದ್ರೆ ಎರಡೂ ಒಳಗೆ ಹೋಗಿ ತುಕ್ಕು ಹಿಡಿಯುತ್ತೆ. ಆಮೇಲೆ ಒಂದು ಪ್ಯಾಡ್ ಪೂರ್ತಿ ಸವೆದಿರುತ್ತೆ, ಪಕ್ಕದ್ದು ಇನ್ನೂ ದಪ್ಪ ಇರುತ್ತೆ. ಕಾರು ಒಂದು ಕಡೆ ಎಳೆಯುತ್ತೆ, ಮೈಲೇಜ್ ಇಳಿಯುತ್ತೆ, ಒಂದು ಚಕ್ರ ಮಾತ್ರ ಕಾದ ಹೆಂಚಿನ ಹಾಗೆ ಆಗಿರುತ್ತೆ.

ಎಲ್ಲಿ ಹಚ್ಚಬೇಕು?

ಮೊದಲನೆಯದು, ಕ್ಯಾಲಿಪರ್ ಜಾರುವ ಪಿನ್. ಹಳೇ ಗ್ರೀಸ್ ಪೂರ್ತಿ ಒರೆಸಿ, ಹೊಸದನ್ನ ತೆಳ್ಳಗೆ ಸವರಬೇಕು. ಜಾಸ್ತಿ ತುಂಬಿದ್ರೆ ಪಿನ್ ಒಳಗೆ ಹೋಗೋಕೆ ಜಾಗ ಇರಲ್ಲ, ಗಾಳಿ ಸಿಕ್ಕಿಕೊಂಡು ವಾಪಸ್ ತಳ್ಳುತ್ತೆ.

ಎರಡನೆಯದು, ಪ್ಯಾಡಿನ ಎರಡು ಕಿವಿಗಳು ಕೂರುವ ಕ್ಲಿಪ್. ಅಲ್ಲಿನ ತುಕ್ಕನ್ನ ವೈರ್ ಬ್ರಷ್‌ನಿಂದ ತೆಗೆಯೋದು ಗ್ರೀಸಿಗಿಂತ ಮುಖ್ಯ. ಆಮೇಲೆ ಇದ್ದೂ ಇಲ್ಲದ ಹಾಗೆ ಒಂದು ಸವರು.

ಮೂರನೆಯದು, ಪ್ಯಾಡಿನ ಬೆನ್ನು, ಅಂದ್ರೆ ಪಿಸ್ಟನ್ ಮತ್ತು ಕ್ಯಾಲಿಪರ್ ಬೆರಳು ತಾಗುವ ಕಬ್ಬಿಣದ ಭಾಗ. ಕೀಂ ಅನ್ನೋ ಸದ್ದು ಹುಟ್ಟೋದು ಪ್ಯಾಡ್ ನಡುಗೋದ್ರಿಂದ. ಬೆನ್ನಿಗೆ ಹಚ್ಚಿದ ಗ್ರೀಸ್ ಆ ನಡುಕವನ್ನ ಸ್ವಲ್ಪ ಹೀರಿಕೊಳ್ಳುತ್ತೆ. ಆದ್ರೆ ಪ್ಯಾಡಿನ ಬೆನ್ನಿಗೆ ಆಗಲೇ ರಬ್ಬರ್ ಲೇಪದ ಶಿಮ್ ಅಂಟಿಸಿ ಬಂದಿದ್ರೆ ಸಾಮಾನ್ಯವಾಗಿ ಇದರ ಅಗತ್ಯ ಇಲ್ಲ. ಡಬ್ಬದ ಒಳಗಿನ ಚೀಟಿ ಏನು ಹೇಳುತ್ತೋ ಅದೇ ಕೊನೆ ಮಾತು.

ಡಿಸ್ಕಿಗೆ, ಪ್ಯಾಡಿನ ಉಜ್ಜುವ ಮುಖಕ್ಕೆ ಮಾತ್ರ ಒಂದು ಚುಕ್ಕೆಯೂ ಕೂಡದು. ಗ್ರೀಸ್ ಹಿಡಿದ ಬೆರಳಲ್ಲಿ ಮುಟ್ಟೋದೂ ಬೇಡ. ಡಿಸ್ಕಿಗೆ ತಾಗಿದ್ರೆ ಬ್ರೇಕ್ ಕ್ಲೀನರ್ ಹಾಕಿ ಒರೆಸಬಹುದು. ಪ್ಯಾಡಿನ ಮುಖ ಗ್ರೀಸ್ ಕುಡಿದಿದ್ರೆ ಆ ಪ್ಯಾಡ್ ಕಸಕ್ಕೇ. ಸ್ಯಾಂಡ್‌ಪೇಪರ್ ಉಜ್ಜಿ ಉಳಿಸಿಕೊಳ್ಳೋ ಆಸೆ ಬೇಡ.

ಯಾವ ಗ್ರೀಸ್?

ಎಡವಟ್ಟು ಹೆಚ್ಚಾಗೋದು ಇಲ್ಲೇ. ಗ್ಯಾರೇಜಿನ ದೊಡ್ಡ ಡಬ್ಬದಲ್ಲಿ ಇರೋದು ಸಾಮಾನ್ಯವಾಗಿ ಲಿಥಿಯಂ ಗ್ರೀಸ್. ಬೇರಿಂಗಿಗೆ ಒಳ್ಳೇದು, ಟ್ರಾಕ್ಟರಿಗೂ ಒಳ್ಳೇದು. ಆದ್ರೆ ಸಾದಾ ಲಿಥಿಯಂ ಗ್ರೀಸ್ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಇಳಿಯುತ್ತೆ. ಘಾಟ್ ಇಳಿಯುವಾಗ ಡಿಸ್ಕ್ 300 ಡಿಗ್ರಿ ದಾಟಬಹುದು. ಅಷ್ಟು ಬಿಸಿಯ ಪಕ್ಕದಲ್ಲಿರೋ ಗ್ರೀಸ್ ಕರಗಿದ್ರೆ ಎಲ್ಲಿಗೆ ಹರಿಯುತ್ತೆ ಅಂತ ನೀವೇ ಯೋಚಿಸಿ.

ಇನ್ನೊಂದು ತೊಂದರೆ ರಬ್ಬರಿನದು. ಬ್ರೇಕಿನ ಸೀಲು, ಬೂಟುಗಳು ಹೆಚ್ಚಾಗಿ ಇಪಿಡಿಎಂ ಅನ್ನೋ ರಬ್ಬರಿನವು. ಪೆಟ್ರೋಲಿಯಂ ಮೂಲದ ಎಣ್ಣೆ ತಾಗಿದ್ರೆ ಅದು ನೆನೆಸಿದ ಕಡಲೆ ಹಾಗೆ ಊದಿಕೊಳ್ಳುತ್ತೆ, ಪಿನ್ ಬಿಗಿಯಾಗುತ್ತೆ. ಅದಕ್ಕೇ ಪಿನ್‌ಗಳಿಗೆ ಬ್ರೇಕಿಗಾಗಿಯೇ ಮಾಡಿದ ಸಿಲಿಕೋನ್ ಗ್ರೀಸ್ ಬೇಕು. ಕ್ಲಿಪ್ಪಿಗೆ, ಪ್ಯಾಡಿನ ಬೆನ್ನಿಗೆ ಬಿಸಿ ತಡೆಯುವ ಸೆರಾಮಿಕ್ ಗ್ರೀಸ್ ಸರಿ. ಕೆಲವು ಯುರೋಪಿಯನ್ ಕಾರುಗಳಲ್ಲಿ ಪಿನ್ ಒಣಗಿದ ಹಾಗೇ ಇರಬೇಕು, ಏನೂ ಹಚ್ಚಬಾರದು. ಹಾಗಾಗಿ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಒಮ್ಮೆ ನೋಡಿ.

ಕೀಲೆಣ್ಣೆಯ ಲೆಕ್ಕ

ನಮ್ಮ ತಾತಂದಿರಿಗೆ ಈ ಲೆಕ್ಕ ಗೊತ್ತಿತ್ತು. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕ್ತಿದ್ರಲ್ಲ, ಹುಲ್ಲು ಸುಟ್ಟ ಮಸಿಯನ್ನ ಹರಳೆಣ್ಣೆಯಲ್ಲಿ ಕಲೆಸಿದ್ದು, ಅದು ಹೋಗ್ತಿದ್ದದ್ದು ಅಚ್ಚಿಗೆ ಮಾತ್ರ. ಇಳಿಜಾರಲ್ಲಿ ಗಾಡಿ ತಡೆಯೋಕೆ ಚಕ್ರಕ್ಕೆ ಒತ್ತುವ ಮರದ ತುಂಡಿಗೆ ಯಾರೂ ಎಣ್ಣೆ ಸವರುತ್ತಿರಲಿಲ್ಲ.

ಇನ್ನೊಂದು ಸ್ವಾರಸ್ಯ ಇದೆ. ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದ ಆರಂಭದ ಕಾಲದಲ್ಲಿ ಬ್ರೇಕ್ ಆಯಿಲ್ ಅಂದ್ರೆ ಹರಳೆಣ್ಣೆ, ಆಲ್ಕೋಹಾಲ್ ಬೆರೆಸಿದ್ದು. ಆಗಿನ ಸೀಲುಗಳು ನೈಸರ್ಗಿಕ ರಬ್ಬರಿನವು, ಖನಿಜ ತೈಲ ತಾಗಿದ್ರೆ ಹಾಳಾಗ್ತಿದ್ದವು. ಹರಳೆಣ್ಣೆ ಹಾಗೆ ಮಾಡ್ತಿರಲಿಲ್ಲ. ಇವತ್ತಿಗೂ ಬ್ರೇಕ್ ರಬ್ಬರಿಗೆ ಬಳಸೋ ಕೆಂಪು ರಬ್ಬರ್ ಗ್ರೀಸಿನ ಮೂಲ ಹರಳೆಣ್ಣೆಯೇ.

ಮೆಕ್ಯಾನಿಕ್ ಹತ್ರ ಹೇಗೆ ಕೇಳೋದು?

ಇಂಜಿನಿಯರಿಂಗ್ ಓದಿದ್ದೀವಿ ಅಂತ ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದವರಿಗೆ ಯೂಟ್ಯೂಬ್ ತೋರಿಸಿ ಪಾಠ ಮಾಡೋಕೆ ಹೋಗಬೇಡಿ. "ಅಣ್ಣಾ, ಪಿನ್ ಸಲೀಸಾಗಿ ಆಡ್ತಿದೆಯಾ? ಬೂಟ್ ಹರಿದಿಲ್ಲ ತಾನೇ?" ಅಂತ ಕೇಳಿ. ಸಿಲಿಕೋನ್ ಗ್ರೀಸಿನ ಪುಟ್ಟ ಟ್ಯೂಬ್ ನೀವೇ ಒಯ್ದು "ಇದನ್ನ ಹಾಕ್ಬಿಡಿ ಅಣ್ಣಾ" ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಬ್ರೇಕ್ ಧೂಳಿಗೆ ಕಂಪ್ರೆಸರ್ ಗಾಳಿ ಹೊಡೆಯೋದು ಬೇಡ ಅಂತಲೂ ಹೇಳಿ, ಅದನ್ನ ದಿನವೂ ಉಸಿರಾಡೋದು ಅವರೇ.

ಇನ್ನು ಸದ್ದಿನ ವಿಷಯ. ಹಲವು ಪ್ಯಾಡ್‌ಗಳಲ್ಲಿ ಒಂದು ಚಿಕ್ಕ ತಗಡಿನ ನಾಲಿಗೆ ಇರುತ್ತೆ. ಪ್ಯಾಡ್ ಸವೆದು ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತೆ. ಆ ಕಿರುಚಾಟಕ್ಕೆ ಗ್ರೀಸ್ ಕೇಳೋದು ಅಂದ್ರೆ ಅಲಾರಂ ಆಫ್ ಮಾಡಿ ಮತ್ತೆ ಮಲಗಿದ ಹಾಗೆ. ಸದ್ದು ಬಂದ್ರೆ ಮೊದಲು ಚಕ್ರ ಬಿಚ್ಚಿಸಿ ಪ್ಯಾಡ್ ಎಷ್ಟು ಉಳಿದಿದೆ ನೋಡಿಸಿ. ಗ್ರೀಸಿನ ಮಾತು ಆಮೇಲೆ.

ಹೊಸ ಪ್ಯಾಡ್ ಹಾಕಿಸಿದ ದಿನವೇ ಬೆಟ್ಟಕ್ಕೆ ಹೋಗಬೇಡಿ. ಗ್ಯಾರೇಜಿಂದ ಹೊರಡೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೂ ನಾಲ್ಕೈದು ಸಲ ಒತ್ತಿ. ಒತ್ತದೇ ಹೊರಟರೆ ಮೊದಲ ಸಲ ಕಾಲು ಸೀದಾ ಕೆಳಗೆ ಹೋಗಬಹುದು. ಮೊದಲ 200–300 ಕಿಲೋಮೀಟರ್ ಮೆತ್ತಗೆ ಬ್ರೇಕ್ ಹಿಡಿಯಿರಿ, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ. ಖಾಲಿ ರಸ್ತೆಯಲ್ಲಿ ಒಬ್ಬರೇ ಓಡಿಸಿ, ಬ್ರೇಕ್ ಒತ್ತಿ, ಕಾರು ನೇರವಾಗಿ ನಿಲ್ಲುತ್ತಾ ನೋಡಿ. ನಿಂತರೆ ಮುಂದಿನ ವಾರ ಅಮ್ಮನನ್ನ ಮುಂದಿನ ಸೀಟಲ್ಲಿ ಕೂರಿಸಿಕೊಂಡು ಮೇಲುಕೋಟೆಗೆ ಹೊರಡಿ. ಇಳಿಯುವಾಗ ಸೆಕೆಂಡ್ ಗೇರ್‌ನಲ್ಲೇ ಇಳಿಯಿರಿ.