ಉಪ್ಪುನೀರು ಕುಡಿಸುವ ಮುನ್ನ

ಹಬ್ಬ ಸಮೀಪಿಸಿದಂತೆ ನಮ್ಮ ಕಿರುಗಾವಲಿನ ಮನೆಗಳಲ್ಲಿ ಫಿನಾಯಿಲ್, ಬ್ಲೀಚಿಂಗ್ ಪುಡಿ, ಶೌಚಾಲಯ ತೊಳೆಯುವ ಆಸಿಡ್ ಹೊರಬರುತ್ತವೆ. ಒದ್ದೆ ನೆಲವನ್ನು ತುಳಿದ ನಾಯಿ ತನ್ನ ಪಾದವನ್ನು ನೆಕ್ಕುತ್ತದೆ. ಬಕೆಟ್ಟಿನಲ್ಲಿ ಉಳಿದ ನೀರನ್ನೂ ಕುಡಿಯುತ್ತದೆ. ಅದು ಜೊಲ್ಲು ಸುರಿಸಿ ನಡುಗತೊಡಗಿದಾಗ ಮನೆಯವರು ಸಲುಗೆಯಿಂದ ನಮ್ಮಲ್ಲಿಗೆ ಓಡಿಬರುತ್ತಾರೆ. ಅಷ್ಟರಲ್ಲಿ ವಾಂತಿಯಾಗಲೆಂದು ಉಪ್ಪುನೀರು ಕುಡಿಸಿಯಾಗಿರುತ್ತದೆ.

ವೃತ್ತಿಯ ಆರಂಭದಲ್ಲಿ ನಾವೂ ಒಬ್ಬರಿಗೆ ಹಾಗೆಯೇ ಸಲಹೆಯಿತ್ತೆವು. ಆ ನಾಯಿ ಆಸಿಡ್ ನೆಕ್ಕಿತ್ತು, ಉಳಿಯಲಿಲ್ಲ. ಆ ನೋವು ಇಂದಿಗೂ ನಮ್ಮಲ್ಲಿದೆ.

ಚರಕಸಂಹಿತೆಯು ವಿಷಚಿಕಿತ್ಸೆಗೆ ಹೇಳಿರುವ 24 ಉಪಕ್ರಮಗಳಲ್ಲಿ ವಮನವೂ ಒಂದು, ನಿಜ. ಆದರೆ ಎಲ್ಲ ವಿಷಕ್ಕೂ ಅದೇ ಮದ್ದಲ್ಲ. ಆಸಿಡ್ ಒಳಹೋಗುವಾಗ ಸುಟ್ಟ ಅನ್ನನಾಳವನ್ನು ಹೊರಬರುವಾಗ ಮತ್ತೊಮ್ಮೆ ಸುಡುತ್ತದೆ. ಸೀಮೆಎಣ್ಣೆಯನ್ನು ಕಕ್ಕಿಸಿದರೆ ಶ್ವಾಸಕೋಶಕ್ಕೆ ಸೇರುವ ಭಯವಿದೆ. ಉಪ್ಪು ಮಿತಿಮೀರಿದರೆ ಅದೇ ಇನ್ನೊಂದು ವಿಷ. ಆದ್ದರಿಂದ ಪಶುವೈದ್ಯರು ಹೇಳದೆ ವಾಂತಿ ಮಾಡಿಸಬಾರದು. ಎಣ್ಣೆ, ಕಷಾಯಗಳನ್ನು ಬಾಯಿಗೆ ಹೊಯ್ಯಬಾರದು ಎಂಬುದೇ ನಮ್ಮ ಖಚಿತ ಅಭಿಪ್ರಾಯ.

ಹಾಗಾದರೆ ಮಾಡಬೇಕಾದುದೇನು? ಮೊದಲು ನಾಯಿಯನ್ನು ಆ ಸ್ಥಳದಿಂದ ಗಾಳಿಯಾಡುವೆಡೆಗೆ ಒಯ್ಯಿರಿ. ನೋವಿನಲ್ಲಿರುವ ಸಾಕುನಾಯಿಯೂ ಕಚ್ಚಬಹುದು, ಎಚ್ಚರ. ಪುಡಿ ಅಂಟಿದ್ದರೆ ಒಣಬಟ್ಟೆಯಿಂದ ಕೊಡವಿ, ಕೈಗವಸು ಧರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸಾಬೂನಿನಿಂದ ಮೈ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಬರಿಯ ತಿಳಿನೀರನ್ನು ಕಾಲುಗಂಟೆಯವರೆಗೆ ಹರಿಸಿರಿ. ಮೈ ನೆಕ್ಕಲು ಬಿಡಬೇಡಿ. ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆಮಾಡಿರಿ. ಸೀಸೆಯನ್ನೋ ಪೊಟ್ಟಣವನ್ನೋ ಜೊತೆಗೊಯ್ಯುವುದನ್ನು ಮರೆಯದಿರಿ. ಅದರ ಮೇಲಿನ ಬರಹವೇ ಚಿಕಿತ್ಸೆಗೆ ದಾರಿ ತೋರುತ್ತದೆ.

ಇಲಿಪಾಷಾಣದ ವಿಷಯದಲ್ಲಿ ವಿಶೇಷ ಜಾಗ್ರತೆ ಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯದನ್ನು ತಿಂದ ನಾಯಿ ಎರಡು-ಮೂರು ದಿನ ಆರೋಗ್ಯವಾಗಿಯೇ ಕಾಣುತ್ತದೆ. ಆಮೇಲೆ ರಕ್ತಸ್ರಾವ ತೊಡಗುತ್ತದೆ. ತಿಂದದ್ದು ತಿಳಿದ ಕೂಡಲೇ ಹೋದರೆ ವಿಟಮಿನ್ ಕೆ1 ಚಿಕಿತ್ಸೆಯಿಂದ ಬದುಕಿಸಬಹುದು.

ಇವೆಲ್ಲಕ್ಕಿಂತ ಸುಲಭವಾದುದು ಮುನ್ನೆಚ್ಚರಿಕೆ. ನೆಲ ಒಣಗುವವರೆಗೆ ನಾಯಿಯನ್ನು ಹೊರಗಿರಿಸಿ, ಬಕೆಟ್ಟನ್ನು ಬರಿದುಮಾಡಿ, ಸೀಸೆಗಳನ್ನು ಎತ್ತರದಲ್ಲಿಡಿ. ಆಸಿಡ್ಡಿಗೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸದಿರಿ; ಹೊಮ್ಮುವ ಕ್ಲೋರಿನ್ ಅನಿಲ ನಾಯಿಗೂ ನಮಗೂ ಮಾರಕ.

ಶರಣರು ಸಾರಿದ ದಯೆ ಮಾತು ಬಾರದ ಜೀವಕ್ಕೂ ಸಲ್ಲಬೇಕು. ಬಾಗಿಲು ಕಾಯುವ ಆ ಜೀವ ತನ್ನ ಸಂಕಟವನ್ನು ಹೇಳಲಾರದು. ಅರಿತು ನಡೆಯುವ ಹೊಣೆ ನಮ್ಮದು.