ಕತ್ತಲಿಗೊಂದು ಕೈದೀಪ

ಗೃಹಸ್ಥರ ಪುಟ



ಆಶ್ವಯುಜ ಅಮಾವಾಸ್ಯೆಯಂದು ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ಮೋಕ್ಷ ಹೊಂದಿದರು, ಅಂದೇ ಗೌತಮ ಗಣಧರರಿಗೆ ಕೇವಲಜ್ಞಾನವಾಯಿತು ಎಂಬ ಸ್ಮರಣೆಯಲ್ಲಿ ನಾವು ದೀಪಾವಳಿಯ ದೀಪ ಹಚ್ಚುತ್ತೇವೆ. ಅದೇ ದಿನಗಳಲ್ಲಿ, ಬಲಿಪಾಡ್ಯಮಿಯ ಮರುದಿನ, ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ತಾಳವಾಡಿ ಬೆಟ್ಟಸೀಮೆಯ ಗುಮಟಾಪುರದಲ್ಲಿ ಗೊರೆಹಬ್ಬ ನಡೆಯುತ್ತದೆ. ಬೀರೇಶ್ವರನ ಹೆಸರಿನಲ್ಲಿ ಊರಿನವರು ಸಗಣಿಯ ಉಂಡೆಗಳನ್ನು ಒಬ್ಬರ ಮೇಲೊಬ್ಬರು ಎಸೆದು ನಲಿಯುವ ಈ ಹಬ್ಬ ಈಗ ದೂರದೂರಕ್ಕೂ ಪರಿಚಿತ. ಊರು ತಮಿಳುನಾಡಿನದಾದರೂ ಮಾತು ಕನ್ನಡ. ಈರೋಡಿಗಿಂತ ಚಾಮರಾಜನಗರವೇ ಹತ್ತಿರ. ಅವರ ಆಚರಣೆ ಬೇರೆ, ನಮ್ಮದು ಬೇರೆ. ಆದರೆ ಆ ದಿನಗಳ ಚಂದ್ರನಿಲ್ಲದ ಕತ್ತಲು ಎಲ್ಲರಿಗೂ ಒಂದೇ.

ತಾಳವಾಡಿ ಸೀಮೆಯ ಸುತ್ತ ಸತ್ಯಮಂಗಲದ ಕಾಡು. 2013ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಆನೆ, ಚಿರತೆ, ಹಂದಿ ಹೊಲದಂಚಿಗೆ ಬರುವುದು ಅಲ್ಲಿ ವಿಶೇಷವಲ್ಲ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಬೆಟ್ಟದೂರುಗಳಲ್ಲಿ ಕರೆಂಟು ಬೇಗ ಬರುವುದಿಲ್ಲ. ಕೆಳಗಿನ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. 2022ರಿಂದ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನ್ಯಾಯಾಲಯದ ನಿರ್ಬಂಧವೂ ಇದೆ. ಇಂಥ ಕಡೆ ಮನೆಯಲ್ಲಿ ಒಂದು ಒಳ್ಳೆಯ ಟಾರ್ಚು ಇರುವುದು ಶೋಕಿಯಲ್ಲ, ಅಗತ್ಯ. ಮಲೆಯೂರಿನ ಕನಕಗಿರಿಗೆ ಯಾತ್ರೆ ಹೋಗುವವರಿಗೂ, ಮಲೆನಾಡಿನ ತೋಟದ ಮನೆಯವರಿಗೂ, ನಗರದ ಮೂರನೆಯ ಮಹಡಿಯಲ್ಲಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ನೆಲ ನೋಡಿ ನಡೆಯುವುದು

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಯಾವ ಜೀವಿಗೂ ನೋವಾಗದಂತೆ ಹೆಜ್ಜೆ ಇಡುವುದು ಅದರ ತಿರುಳು. ಅದಕ್ಕಾಗಿಯೇ ಅವರು ರಾತ್ರಿ ವಿಹಾರ ಮಾಡುವುದಿಲ್ಲ. ಗೃಹಸ್ಥರಾದ ನಮಗೆ ಅಷ್ಟು ಸಾಧ್ಯವಿಲ್ಲ. ಕರು ಹಾಕುವ ಹಸುವನ್ನು ನೋಡಲು ಕೊಟ್ಟಿಗೆಗೆ ಹೋಗಬೇಕಾಗುತ್ತದೆ, ವಯಸ್ಸಾದವರು ಹಿತ್ತಿಲಿಗೆ ಏಳಬೇಕಾಗುತ್ತದೆ. ಹೋಗಲೇಬೇಕಾದಾಗ ನೆಲ ಕಾಣುವಂತೆ ಹೋಗುವುದು ನಮ್ಮ ಪಾಲಿನ ಅಹಿಂಸೆ.

ಅದು ಕಾಲಡಿಯ ಜೀವಿಗೆ ಮಾತ್ರವಲ್ಲ, ನಮಗೂ ರಕ್ಷೆ. ಭಾರತದಲ್ಲಿ ವರ್ಷಕ್ಕೆ ಸುಮಾರು 58 ಸಾವಿರ ಜನ ಹಾವು ಕಚ್ಚಿ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಕಟ್ಟುಹಾವು ರಾತ್ರಿಯದೇ ಜೀವಿ. ಕೊಳಕುಮಂಡಲವೂ ಮುಸ್ಸಂಜೆಯ ನಂತರ ಹೆಚ್ಚಾಗಿ ಓಡಾಡುತ್ತದೆ. ಹಾವು ಹುಡುಕಿಕೊಂಡು ಬಂದು ಕಚ್ಚುವುದಿಲ್ಲ. ಕತ್ತಲಲ್ಲಿ ನಾವು ತುಳಿದಾಗ ಕಚ್ಚುತ್ತದೆ. ಒಂದು ಟಾರ್ಚಿನ ಬೆಳಕು ಎರಡು ಜೀವಗಳನ್ನು ಉಳಿಸುತ್ತದೆ: ತುಳಿಯುವವನದು ಒಂದು, ತುಳಿಸಿಕೊಳ್ಳುವುದರದು ಇನ್ನೊಂದು.

ಕಚ್ಚಿದ್ದೇ ಆದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತಿರಿಸಿ, 108ಕ್ಕೆ ಕರೆ ಮಾಡಿ, ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ತಡಮಾಡದೆ ಹೋಗಬೇಕು.

ಹಳೆಯ ಬಲ್ಬು, ಹೊಸ ಎಲ್‌ಇಡಿ

ನಮ್ಮ ಹಿರಿಯರ ಎರಡು ಸೆಲ್ಲಿನ ಟಾರ್ಚು ಕೊಡುತ್ತಿದ್ದುದು ಹತ್ತಿಪ್ಪತ್ತು ಲುಮೆನ್ ಬೆಳಕು. ಒಂದು ಮೇಣದಬತ್ತಿಯ ಬೆಳಕು ಸುಮಾರು 12 ಲುಮೆನ್ ಎಂದರೆ ಅಂದಾಜು ಸಿಗುತ್ತದೆ. ಆ ಬಲ್ಬಿನಲ್ಲಿ ತಂತಿ ಕಾದು ಬೆಳಗಬೇಕಿತ್ತು. ಸೆಲ್ಲಿನ ಶಕ್ತಿಯ ಬಹುಪಾಲು ಶಾಖವಾಗಿ ಹೋಗುತ್ತಿತ್ತು. ಎಲ್‌ಇಡಿಯಲ್ಲಿ ತಂತಿಯಿಲ್ಲ. ನೀಲಿ ಬೆಳಕು ಕೊಡುವ ಒಂದು ಚಿಕ್ಕ ಹರಳು, ಅದರ ಮೇಲೆ ಹಳದಿ ರಂಜಕದ ಲೇಪ; ಎರಡೂ ಬೆರೆತು ಬಿಳಿ ಬೆಳಕು. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಈಗಿನ ಒಳ್ಳೆಯ ಟಾರ್ಚು ಒಂದು ವ್ಯಾಟಿಗೆ ಸುಮಾರು 100 ಲುಮೆನ್ ಕೊಡುತ್ತದೆ.

ಎಷ್ಟು ಬೆಳಕು ಬೇಕು?

ಪೆಟ್ಟಿಗೆಯ ಮೇಲೆ ಹತ್ತು ಸಾವಿರ ಲುಮೆನ್ ಎಂದು ಬರೆದಿದ್ದರೆ ಮರುಳಾಗಬೇಡಿ. ಕೋಣೆಯೊಳಗೆ ಓಡಾಡಲು 20ರಿಂದ 50 ಲುಮೆನ್ ಸಾಕು. ಅಂಗಳ, ಕೊಟ್ಟಿಗೆ, ದಾರಿಗೆ 100ರಿಂದ 300. ಅದಕ್ಕಿಂತ ಹೆಚ್ಚಿನದು ಹೊಲದ ಕಾವಲಿನವರಿಗೆ. ಆದ್ದರಿಂದ ಕಡಿಮೆ ಮತ್ತು ಹೆಚ್ಚು ಎಂಬ ಎರಡು ಹಂತಗಳಿರುವ ಟಾರ್ಚನ್ನು ಆರಿಸಿ. ಮಿನುಗುವ ಹಂತ, ಬಣ್ಣದ ಹಂತ ಇತ್ಯಾದಿ ಇಲ್ಲದಿದ್ದರೆ ನಷ್ಟವೇನಿಲ್ಲ. ಗಾಬರಿಯಲ್ಲಿ ಗುಂಡಿ ಒತ್ತುವ ಅಜ್ಜಿಗೆ ಅವು ತೊಡಕೇ.

ಬಾಳಿಕೆಯ ಗಂಟೆಗಳ ಬಗ್ಗೆ ಒಂದು ಮಾತು. ಎಫ್‌ಎಲ್ 1 ಎಂಬ ಅಮೆರಿಕದ ಮಾನದಂಡದಲ್ಲಿ, ಬೆಳಕು ಆರಂಭದ ಹತ್ತನೇ ಒಂದಂಶಕ್ಕೆ ಇಳಿಯುವವರೆಗಿನ ಸಮಯವನ್ನೇ ಬಾಳಿಕೆ ಎನ್ನುತ್ತಾರೆ. ಬೆಳಕು ಮುಟ್ಟುವ ದೂರ ಎಂದರೆ ಅದು ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ, ಅಂದರೆ ಕಾಲು ಲಕ್ಸ್‌ಗೆ, ಇಳಿಯುವ ದೂರ. 200 ಮೀಟರ್ ಎಂದು ಬರೆದಿದ್ದರೆ ಅಷ್ಟು ದೂರದಲ್ಲಿರುವ ಹಾವು ಕಾಣುತ್ತದೆಂದು ಅರ್ಥವಲ್ಲ.

ಸೆಲ್ಲೇ ಜೀವಾಳ

ಹಳ್ಳಿಯ ಕಡೆ ಟಾರ್ಚಿಗೇ ‘ಬ್ಯಾಟರಿ’ ಎನ್ನುತ್ತಾರೆ. ಆ ಹೆಸರು ಸರಿಯಾದದ್ದೇ. ಟಾರ್ಚು ಕೈಕೊಡುವುದು ಬಹುತೇಕ ಸೆಲ್ಲಿನಿಂದ. ಪೇಟೆಯಲ್ಲಿ ಮೂರು ಬಗೆ ಸಿಗುತ್ತವೆ.

ಒಂದು, ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿ ತುಂಬುವ ಅಗ್ಗದ ಟಾರ್ಚು. ಇವುಗಳಲ್ಲಿ ಅನೇಕಕ್ಕೆ ಒಳಗೆ ಚಿಕ್ಕ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಅದನ್ನು ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಮತ್ತೆ ಚಾರ್ಜು ಹಿಡಿಯುವುದಿಲ್ಲ. ಕಪಾಟಿನಲ್ಲಿಟ್ಟು ಮರೆಯುವವರಿಗೆ ಇದು ತಕ್ಕುದಲ್ಲ.

ಎರಡು, ಲಿಥಿಯಂ ಅಯಾನ್ ಸೆಲ್. ಹಗುರ, ಶಕ್ತಿ ಹೆಚ್ಚು. ಸಾಮಾನ್ಯವಾದ 18650 ಸೆಲ್ಲು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 2500 ಮಿಲಿಆಂಪಿಯರ್-ಗಂಟೆಯ ಒಂದು ಸೆಲ್ಲಿನಲ್ಲಿ ಸುಮಾರು 9 ವ್ಯಾಟ್-ಗಂಟೆ ಶಕ್ತಿ. ಅಂದರೆ 100 ಲುಮೆನ್ನಿನಂತೆ ಏಳೆಂಟು ಗಂಟೆ ಬೆಳಕು. ಈ ಅಳತೆಯ ಸೆಲ್ಲಿನ ಮೇಲೆ 9000 ಎಂದು ಬರೆದಿದ್ದರೆ ಅದು ಸುಳ್ಳು; ಉತ್ತಮ ಸೆಲ್ಲುಗಳೂ 3500ರ ಆಸುಪಾಸಿನವೇ. ಲಿಥಿಯಂ ಸೆಲ್ಲುಗಳಿಗೆ ನಮ್ಮ ದೇಶದಲ್ಲಿ ಐಎಸ್ 16046 ಮಾನಕದಂತೆ ನೋಂದಣಿ ಕಡ್ಡಾಯ. ಆ ಗುರುತು ನೋಡಿ ಕೊಳ್ಳಿ. ಉಬ್ಬಿದ, ಜಜ್ಜಿದ ಸೆಲ್ಲು ಬಳಸಬೇಡಿ, ಬೆಂಕಿ ಹತ್ತಬಹುದು.

ಮೂರು, ಎಎ ಅಳತೆಯ ಪೆನ್ಸಿಲ್ ಸೆಲ್ಲಿನ ಟಾರ್ಚು. ಬೆಳಕು ಸ್ವಲ್ಪ ಕಡಿಮೆ, ಆದರೆ ಸೆಲ್ಲು ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಕರೆಂಟು ಎರಡು ದಿನ ಬಾರದಿದ್ದರೂ ಇದು ನಡೆಯುತ್ತದೆ. ಬಳಸದಿದ್ದಾಗ ಸೆಲ್ಲುಗಳನ್ನು ಹೊರತೆಗೆದು ಪಕ್ಕದಲ್ಲೇ ಇಡಿ. ಒಳಗೇ ಬಿಟ್ಟರೆ ಸೋರಿ ತಗಡನ್ನು ತಿನ್ನುತ್ತವೆ. ಮರಳಿ ತುಂಬಬಹುದಾದ ನಿಕ್ಕಲ್ ಸೆಲ್ಲುಗಳಲ್ಲಿ ಚಾರ್ಜು ಬಹುಕಾಲ ಉಳಿಯುವ ಬಗೆಯೂ ದೊರೆಯುತ್ತದೆ.

ಮನೆಗೆ ಎರಡು ಟಾರ್ಚು ಇರಲಿ ಎಂಬುದು ನಮ್ಮ ಸಲಹೆ: ದಿನಬಳಕೆಗೆ ಲಿಥಿಯಂನದು ಒಂದು, ಆಪತ್ತಿಗೆ ಪೆನ್ಸಿಲ್ ಸೆಲ್ಲಿನದು ಒಂದು. ಮೊಬೈಲಿನ ದೀಪ ಇದೆಯಲ್ಲ ಎನ್ನುವವರುಂಟು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ, ನಿಜ. ಆದರೆ ಆಪತ್ತಿನಲ್ಲಿ ಮೊಬೈಲು ಬೇಕಾಗುವುದು ಕರೆ ಮಾಡಲು. ಅದರ ಚಾರ್ಜನ್ನು ದೀಪಕ್ಕೆ ಸುಡುವುದು ಜಾಣತನವಲ್ಲ.

ಕೊಳ್ಳುವಾಗ ನೋಡಬೇಕಾದವು

ಮೈ ಅಲ್ಯೂಮಿನಿಯಂನದಾದರೆ ಎಲ್‌ಇಡಿಯ ಶಾಖವನ್ನು ಹೊರಗೆ ಒಯ್ಯುತ್ತದೆ, ಬಾಳಿಕೆ ಹೆಚ್ಚು. ಮಳೆಗೆ ಐಪಿಎಕ್ಸ್ 4 ಎಂಬ ಗುರುತು ಸಾಕು. ಐಪಿಎಕ್ಸ್ 7 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ತಾಳುತ್ತದೆ. ಗುಂಡಿ ಬೆರಳಿಗೆ ಉಬ್ಬಾಗಿ ಸಿಗಬೇಕು. ಬುಡ ಚಪ್ಪಟೆಯಾಗಿದ್ದರೆ ನಿಲ್ಲಿಸಿ, ಬಿಳಿಯ ಸೂರಿನತ್ತ ಬೆಳಕು ಬಿಟ್ಟು ಇಡೀ ಕೋಣೆಗೆ ಬೆಳಕು ಪಡೆಯಬಹುದು. ಹೆಂಚಿನ ಮನೆಯಲ್ಲಿ ಬಿಳಿಯ ಗೋಡೆಗೆ ಬಿಟ್ಟರೂ ಆದೀತು. ರೋಗಿಯ ಶುಶ್ರೂಷೆ, ಹಾಲು ಕರೆಯುವುದು ಮುಂತಾದ ಕೆಲಸವಿರುವ ಮನೆಗೆ ತಲೆಗೆ ಕಟ್ಟುವ ದೀಪ ಉಪಯುಕ್ತ. ಎರಡೂ ಕೈ ಬಿಡುವಾಗಿರುತ್ತದೆ. ಚೀಲ ಬೇಕೆಂದರೆ ಬಟ್ಟೆಯದು ಕೇಳಿ ಪಡೆಯಿರಿ, ಚರ್ಮದ್ದು ಬೇಡ. ಕಾಡಂಚಿನವರು ಆನೆಯ ಮುಖಕ್ಕೆ ಬೆಳಕು ಬಿಟ್ಟು ಕೆಣಕುವುದು ಸಲ್ಲದು. ಟಾರ್ಚು ಇರುವುದು ದೂರದಿಂದಲೇ ಕಂಡು ಹಿಂತಿರುಗಲು.

ಹುಳುಗಳ ವಿಚಾರ

ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 6500 ಎಂದರೆ ನೀಲಿಛಾಯೆಯ ಬಿಳಿ. 2700ರಿಂದ 3000 ಎಂದರೆ ಎಣ್ಣೆದೀಪದಂಥ ಹಳದಿ. ನೀಲಿ ಹೆಚ್ಚಿದಷ್ಟೂ ಹುಳುಗಳು ಹೆಚ್ಚು ಬರುತ್ತವೆ. ಹುಳುಗಳು ದೀಪವನ್ನು ಸುತ್ತುವುದೇಕೆ ಎಂಬ ಹಳೆಯ ಪ್ರಶ್ನೆಗೆ 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಉತ್ತರ ಕೊಟ್ಟಿದೆ. ಹಾರುವ ಹುಳುವಿಗೆ ಬೆಳಕಿರುವ ಕಡೆಯೇ ಆಕಾಶ. ಅತ್ತ ಬೆನ್ನು ತಿರುಗಿಸಿ ಹಾರುವುದು ಅದರ ಸ್ವಭಾವ. ದೀಪ ಪಕ್ಕದಲ್ಲಿದ್ದರೆ ದಿಕ್ಕುಗೆಟ್ಟು ಅಲ್ಲೇ ಸುತ್ತುತ್ತದೆ. ಅದು ಆಸೆಯಿಂದ ಬಂದು ಬೀಳುವುದಲ್ಲ, ನಾವಿಟ್ಟ ಬೆಳಕು ಅದನ್ನು ಸಿಕ್ಕಿಹಾಕಿಸುತ್ತದೆ. ಆದ್ದರಿಂದ ಹಳದಿ ಬೆಳಕಿನ ಟಾರ್ಚು ದೊರೆತರೆ ಅದನ್ನೇ ಕೊಳ್ಳಿ, ಬೇಕಾದಷ್ಟೇ ಹೊತ್ತು ಉರಿಸಿ, ಕಿಟಕಿಯ ಬಳಿ ಇಡಬೇಡಿ. ಟಾರ್ಚಿನಲ್ಲಿ ಜ್ವಾಲೆಯಿಲ್ಲ, ಹುಳು ಸುಟ್ಟು ಸಾಯುವುದಿಲ್ಲ. ಸೀಮೆಎಣ್ಣೆ ಬುಡ್ಡಿಗಿಂತ ಅಷ್ಟರಮಟ್ಟಿಗೆ ಮೇಲು.

‘ಇಷ್ಟು ಬೆಳಕಿರುವಾಗ ರಾತ್ರಿಭೋಜನಕ್ಕೇನು ಅಡ್ಡಿ?’ ಎಂದು ಎಳೆಯರು ಕೇಳುವುದುಂಟು. ಈ ಪ್ರಶ್ನೆ ಹೊಸದಲ್ಲ. ದೀಪ ಹಚ್ಚಿಕೊಂಡರೂ ಸೂರ್ಯನ ಬೆಳಕಿಲ್ಲದೆ ಉಣ್ಣುವವನು ಅನ್ನದಲ್ಲಿ ಸೇರುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸಲಾರ ಎಂಬ ವಿಚಾರವನ್ನು ಅಮೃತಚಂದ್ರಾಚಾರ್ಯರು ‘ಪುರುಷಾರ್ಥ ಸಿದ್ಧ್ಯುಪಾಯ’ದಲ್ಲಿ ಎತ್ತಿದ್ದಾರೆ. ದೀಪ ಪ್ರಖರವಾದಷ್ಟೂ ಹುಳು ಹೆಚ್ಚು ಬರುವುದರಿಂದ ಆ ಮಾತು ಎಲ್‌ಇಡಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಟಾರ್ಚು ದಾರಿಗೆ, ತಟ್ಟೆಗಲ್ಲ.

ಇಡುವ ಜಾಗ

ಎಷ್ಟು ಒಳ್ಳೆಯ ಟಾರ್ಚಾದರೂ ಕತ್ತಲಲ್ಲಿ ಹುಡುಕಬೇಕಾದರೆ ವ್ಯರ್ಥ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಮಲಗುವ ಕೋಣೆಯ ಬಾಗಿಲ ಪಕ್ಕ ಒಂದು ಮೊಳೆ, ಟಾರ್ಚಿಗೆ ಒಂದು ದಾರ. ಬಳಸಿದವರು ಅಲ್ಲಿಗೇ ಹಿಂತಿರುಗಿಸುವುದು ಮನೆಯ ನಿಯಮವಾಗಲಿ. ಮಕ್ಕಳಿಗೆ ಕೊಡುವಾಗ ಯಾರ ಕಣ್ಣಿಗೂ ಬಿಡಬಾರದೆಂದು ಹೇಳಿ. ಪ್ರತಿ ಚತುರ್ದಶಿಯಂದು ಒಮ್ಮೆ ಉರಿಸಿ ನೋಡುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ. ಮರುದಿನ ಹುಣ್ಣಿಮೆಯೋ ಅಮಾವಾಸ್ಯೆಯೋ ಆಗಿರುತ್ತದೆ, ಅಮಾವಾಸ್ಯೆಯಾದರೆ ಟಾರ್ಚಿನ ಕೆಲಸ ಇದ್ದೇ ಇದೆ. ಸತ್ತ ಸೆಲ್ಲನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಬಳಸಿದ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ನಗರಕ್ಕೆ ಹೋದಾಗ ಸಂಗ್ರಹ ಕೇಂದ್ರಕ್ಕೆ ಕೊಟ್ಟು ಬನ್ನಿ.

ಈ ದೀಪಾವಳಿಗೆ ಮನೆಗೆ ಹೊಸ ವಸ್ತು ತರುವ ಯೋಚನೆ ಇದ್ದರೆ ಊರಿನಲ್ಲಿ ಒಂಟಿಯಾಗಿರುವ ಹಿರಿಯರೊಬ್ಬರಿಗೂ ಒಂದು ಟಾರ್ಚು ಸೇರಿಸಿ ತನ್ನಿ. ಅಭಯದಾನದಲ್ಲಿ ಅದೂ ಒಂದು ಸಣ್ಣ ಪಾಲು.

ಜಯ ಜಿನೇಂದ್ರ.