ಬೆಳಕು ಯಾರ ಮುಖಕ್ಕೆ, ನಗು ಯಾರ ಮೇಲೆ?

ವೈ.ಎನ್.ಹೊಸಕೋಟೆಯ ಮಗ್ಗದ ಮನೆಗಳಲ್ಲಿ ದುಡಿದು ಸೊಂಟ ಬಿದ್ದವರು, ಕಡ್ಲೆಕಾಯಿ ಹೊಲದಲ್ಲಿ ಕೂಲಿ ಮಾಡಿದವರು, ಎರಡು ಗಳಿಗೆ ನಗೋಣ ಅಂತ ಟೆಂಟಿಗೆ ಹೋಗ್ತಿದ್ದ ಕಾಲ. ನಮ್ಮದು ನೆಲದ ಟಿಕೀಟು. ಪರದೆ ಮೇಲೆ ಆಳುಮಗ ತೊದಲುತ್ತಾ ಬಂದ, ನಕ್ಕೆವು. ಅವನ ಕಪ್ಪು ಮುಖ ನೋಡಿ ನಾಯಕ ಹಂಗಿಸಿದ, ನಕ್ಕೆವು. ನಮ್ಮ ಗಡಿಸೀಮೆಯವರ ಹಾಗೆ ತೆಲುಗು ಬೆರೆಸಿ ಕನ್ನಡ ಆಡಿದ, ಇನ್ನೂ ಜೋರಾಗಿ ನಕ್ಕೆವು. ಮನೆ ದಾರೀಲಿ ನಮ್ಮಪ್ಪ ಅಂದ: “ಏನ್ಲಾ, ನಮ್ಮನ್ನ ನೋಡಿ ನಾವೇ ನಕ್ಕೊಂಡು ಬಂದ್ವಲ್ಲೋ. ಅದಕ್ಕೆ ದುಡ್ಡು ಬೇರೆ ಕೊಟ್ಟು.”

ಆ ಮಾತು ಇವತ್ತಿಗೂ ಚುಚ್ಚುತ್ತೆ ಗೆಳೆಯರೇ.

ಕೇರಿಯ ಮನುಷ್ಯನನ್ನು ಮನುಷ್ಯನಾಗಿ ಯಾಕೆ ತೋರಿಸಲ್ಲ ಅಂತ ಕೇಳಿ. ಚಿತ್ರರಂಗದ ಸಿದ್ಧ ಉತ್ತರ: “ಅಂಥ ಕಥೆಗೆ ದುಡ್ಡು ಹಾಕೋರು ಯಾರು ಸ್ವಾಮಿ?” ಈ ಸುಳ್ಳನ್ನು ಒಡೆಯೋದಕ್ಕೆ ಒಬ್ಬ ಕ್ಯಾಮೆರಾಮನ್ನಿನ ದುಡಿಮೆಯೇ ಸಾಕು. ಆತ ದಿನೇಶ್ ಬಾಬು. ಕೇರಳ ಮೂಲದ ಈ ಛಾಯಾಗ್ರಾಹಕ 1988ರಲ್ಲಿ ‘ಸುಪ್ರಭಾತ’ ನಿರ್ದೇಶಿಸಿದ. ಮರುವರ್ಷ ಅನಂತನಾಗ್ ಅವರನ್ನು ಹಾಕಿಕೊಂಡು ‘ಹೆಂಡ್ತಿಗ್ಹೇಳ್ಬೇಡಿ’ ಅನ್ನೋ ಹಾಸ್ಯಚಿತ್ರ. ಅದೇ 1989ರಲ್ಲಿ ‘ಇದು ಸಾಧ್ಯ’ ಅನ್ನೋ ರೋಚಕ ಚಿತ್ರವನ್ನು ಎರಡೇ ದಿನದೊಳಗೆ ಚಿತ್ರೀಕರಿಸಿ ಮುಗಿಸಿದ. 1997ರಲ್ಲಿ ‘ಅಮೃತವರ್ಷಿಣಿ’. ಮತ್ತೆ ಹಾಸ್ಯಕ್ಕೆ ಮರಳಿ 2008ರಲ್ಲಿ ‘ಮಿಸ್ಟರ್ ಗರಗಸ’, 2010ರಲ್ಲಿ ‘ಎರಡನೇ ಮದುವೆ’.

ಆತನ ಕಸುಬನ್ನು ನಾನು ಹೀಗಳೆಯೋದಿಲ್ಲ. ಬೆಳಕು ಬಲ್ಲವನು ನಿರ್ದೇಶಕನಾದರೆ ಖರ್ಚು ಎಲ್ಲಿ ಉಳಿಯುತ್ತೆ ಅನ್ನೋದು ಅವನಿಗೆ ಗೊತ್ತು. ಕೆಲವೇ ಪಾತ್ರ, ಕೆಲವೇ ಜಾಗ, ಕೆಲವೇ ದಿನ. ಅರಮನೆಯಂಥ ಸೆಟ್ಟು ಬೇಡ, ಫಾರಿನ್ನಿನ ಹಾಡು ಬೇಡ. ಹಾಗಾದರೆ ಕೇಳ್ತೀನಿ: ಎರಡು ದಿನದಲ್ಲಿ ಸಿನಿಮಾ ಸಾಧ್ಯ ಅಂದಮೇಲೆ, ನಮ್ಮ ಕೇರಿಯ ಸಿನಿಮಾ ಯಾಕೆ ಅಸಾಧ್ಯ? ಕೊರತೆ ದುಡ್ಡಿನದಲ್ಲ, ಕಣ್ಣಿನದು. ಕಣ್ಣಿಗೂ ಜಾತಿ ಇದೆ.

ಕಣ್ಣಿಗೇ ಏಕೆ, ಫಿಲ್ಮಿಗೂ ಬಣ್ಣದ ಪಕ್ಷಪಾತವಿತ್ತು. ಅಮೆರಿಕದ ಕೊಡ್ಯಾಕ್ ಕಂಪನಿ ಬಣ್ಣ ಸರಿಹೊಂದಿಸೋದಕ್ಕೆ ಲ್ಯಾಬುಗಳಿಗೆ ಕೊಡುತ್ತಿದ್ದದ್ದು ಬಿಳಿ ಹೆಂಗಸಿನ ಫೋಟೋ. ಅವಳ ಚರ್ಮ ಚೆನ್ನಾಗಿ ಕಂಡರೆ ಎಲ್ಲವೂ ಸರಿ ಅಂತ ಲೆಕ್ಕ. ಕಪ್ಪು ಮುಖ ಕತ್ತಲಲ್ಲಿ ಮುಳುಗಿದರೆ ತಪ್ಪು ಮುಖದ್ದು! ಮರದ ಸಾಮಾನು ಮಾಡೋರು, ಚಾಕೊಲೇಟು ಮಾಡೋರು “ನಮ್ಮ ಮಾಲಿನ ಕಂದುಬಣ್ಣ ಸರಿಯಾಗಿ ಬೀಳ್ತಿಲ್ಲ” ಅಂತ ದೂರಿದ ಮೇಲೆ ಕಂಪನಿ ಎಚ್ಚೆತ್ತಿತು ಅನ್ನೋದು ದಾಖಲಾಗಿರುವ ಮಾತು. ಮನುಷ್ಯರ ಮುಖಕ್ಕಿಲ್ಲದ ಬೆಲೆ ಮೇಜು ಕುರ್ಚಿಗೆ! ಇಲ್ಲಿ ನಮ್ಮ ಮೇಕಪ್ಪಿನವರು ನಾಯಕಿಗೆ ಬಿಳುಪು ಬಳಿದರು. ಕಪ್ಪನ್ನು ಹಾಸ್ಯದವನಿಗೆ, ರೌಡಿಗೆ ಬಿಟ್ಟರು.

“ಯಾಕ್ರೀ, ‘ಚೋಮನ ದುಡಿ’ ಇಲ್ಲವೇ?” ಅಂತ ವಿದ್ಯಾವಂತರು ಕೇಳ್ತಾರೆ. ಇದೆ. 1975ರಲ್ಲಿ ಬಿ.ವಿ.ಕಾರಂತರು ಮಾಡಿದರು, ಸ್ವರ್ಣಕಮಲ ಬಂತು. ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ಗೌರವಿಸೋಣ. ಆದರೆ ಅಲ್ಲಿ ನಾವು ಅಳಬಹುದು, ಸಾಯಬಹುದು. ಬೇರೆ ಕಡೆ ನಗೆಪಾಟಲಾಗಬಹುದು. ನಾವೇ ನಗಿಸೋದು, ನಾವು ದೊಡ್ಡವರನ್ನು ನೋಡಿ ನಗೋದು ಎಲ್ಲಿದೆ?

ನಮ್ಮ ಸೀಮೆಯಲ್ಲೇ ಇದೆ ಸ್ವಾಮಿ! ಮೂಡಲಪಾಯದ ಕೋಡಂಗಿಯನ್ನು ನೋಡಿ. ಕಿರೀಟ ಹೊತ್ತು ಕುಣಿಯುವ ರಾಜನನ್ನೇ ಎದುರು ನಿಂತು ಅಣಕಿಸುತ್ತಾನೆ. ಅಲ್ಲಿ ನಗು ಕೆಳಗಿಂದ ಮೇಲಕ್ಕೆ ಏರುತ್ತೆ. ಸಿನಿಮಾಕ್ಕೆ ಹೋದ ನಗು ಮೇಲಿಂದ ಕೆಳಕ್ಕೆ ಉಗುಳೋದನ್ನು ಕಲಿಯಿತು. ಹೆಂಡತಿಯನ್ನು, ಕುಂಟನನ್ನು, ಕೂಲಿಯವನನ್ನು ಹಂಗಿಸೋದೇ ಹಾಸ್ಯ ಅನ್ನಿಸಿಕೊಂಡಿತು.

ಬೆಳಕಿಗೆ ನಮ್ಮಲ್ಲಿ ಬರವಿಲ್ಲ. ಮಳೆ ಕೈಕೊಟ್ಟರೂ ಪಾವಗಡದಲ್ಲಿ ಬಿಸಿಲು ಕೈಕೊಟ್ಟಿಲ್ಲ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಅದೇ ಬಿಸಿಲಿಂದ 2,050 ಮೆಗಾವಾಟ್ ಕರೆಂಟು ತೆಗೀತಾರೆ. ಗುತ್ತಿಗೆ ಹಣ ಹೊಲ ಇದ್ದವರಿಗೆ. ಹೊಲವಿಲ್ಲದ ಕೂಲಿಯವನಿಗೆ ಇದ್ದ ಕೆಲಸವೂ ಹೋಯಿತು. ಸೂರ್ಯನನ್ನೂ ಉಳ್ಳವರೇ ಹಂಚಿಕೊಂಡರು. ಸಿನಿಮಾದ ಬೆಳಕಿನ ಕಥೆಯೂ ಇದೇ.

ಕಸಿದುಕೊಂಡವರು ಇದ್ದಾರೆ. ಮಹಾರಾಷ್ಟ್ರದಲ್ಲಿ ನಾಗರಾಜ್ ಮಂಜುಳೆ 2013ರಲ್ಲಿ ‘ಫ್ಯಾಂಡ್ರಿ’ ಮಾಡಿದರು. ಹಂದಿ ಹಿಡಿಯುವ ಮನೆಯ ಹುಡುಗನನ್ನು ನೋಡಿ ಊರು ನಗುತ್ತದೆ. ಕೊನೆಗೆ ಹುಡುಗ ಬೀಸಿದ ಕಲ್ಲು ನೇರ ನೋಡುತ್ತಾ ಕುಂತ ನಮ್ಮ ಕಡೆಗೇ ಬರುತ್ತದೆ.

ಹೊಸಕೋಟೆಯ, ಮಧುಗಿರಿಯ, ಶಿರಾದ ಹುಡುಗ ಹುಡುಗಿಯರೇ, ಮೇಷ್ಟ್ರುಗಳೇ, ಇವತ್ತು ಜೇಬಿನ ಫೋನಿನಲ್ಲೇ ಕ್ಯಾಮೆರಾ ಇದೆ. ದಿನೇಶ್ ಬಾಬು ಎರಡು ದಿನದಲ್ಲಿ ಮಾಡಿದ್ದನ್ನು ನೀವು ಇಪ್ಪತ್ತು ದಿನ ತಗೊಂಡು ಮಾಡಿ. ಅಮ್ಮನ ಮುಖಕ್ಕೆ ಪೌಡರ್ ಬಳೀಬೇಡಿ, ಬೆಳಕು ಹಿಡೀರಿ. ಅಪ್ಪನ ಮಾತನ್ನು ತಿದ್ದಬೇಡಿ, ಹಾಗೇ ಇರಲಿ. ಆಮೇಲೆ ಗೌಡನ ಜಗಲಿ ಕಡೆಗೆ, ಗುಡಿಯ ಬಾಗಿಲ ಕಡೆಗೆ ಕ್ಯಾಮೆರಾ ತಿರುಗಿಸಿ.

ಈ ಸಲ ಯಾರನ್ನು ನೋಡಿ ನಗಬೇಕು ಅನ್ನೋದನ್ನು ನಾವು ತೀರ್ಮಾನಿಸೋಣ.